ನಾಲ್ಕು ಬೆರಳು ಕೊಸರು

ಅವ್ವನ ಫೋಟೋಕ್ಕೆ ಹಾಕುವ ಹೂವಿನ ಸರ ದಿನವೂ ನಾಲ್ಕು ಬೆರಳು ಹೆಚ್ಚಾಗುತ್ತದೆ. ಚೌಕಟ್ಟಿನ ಮೇಲಂಚಿಗೆ ಈ ತುದಿಯಿಂದ ಆ ತುದಿಗೆ ಕಟ್ಟಿದರೆ ಹದಿನೈದು ಇಂಚು ಸಾಕು. ನಾನು ತರುವುದು ಒಂದು ಮೊಳ, ಅಂದರೆ ಹದಿನೆಂಟು ಇಂಚು. ಉಳಿದ ಮೂರು ಇಂಚು ಎಡಗಡೆ ಇಳಿಬಿದ್ದು, ಅವ್ವನ ಕಿವಿಯ ಹತ್ತಿರ ಬಂದು, ಫ್ಯಾನಿನ ಗಾಳಿಗೆ ಏನೋ ಗುಟ್ಟು ಹೇಳುತ್ತಿರುವಂತೆ ಅಲ್ಲಾಡುತ್ತದೆ. ನಾನು ದರ್ಜಿ. ಹೆಚ್ಚಿದ್ದನ್ನು ಕತ್ತರಿಸುವುದೇ ನನ್ನ ಕಸುಬು. ಊರಿನವರ ಎಷ್ಟು ಪ್ಯಾಂಟುಗಳ ಕಾಲನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಆದರೂ ಈ ನಾಲ್ಕು ಬೆರಳು ಮಲ್ಲಿಗೆಯ ಮೇಲೆ ಕತ್ತರಿ ಇಡಲು ನನಗೆ ಧೈರ್ಯವಾಗುವುದಿಲ್ಲ. ಯಾಕೆಂದು ನಿಮಗೆ ಹೇಳಬೇಕು. ಸ್ವಲ್ಪ ಸುತ್ತು ಬಳಸಿಯೇ ಹೇಳುತ್ತೇನೆ, ನಮ್ಮ ಕಡೆಯ ಬಸ್ಸುಗಳು ಸಿಕ್ಕ ಊರನ್ನೆಲ್ಲ ಹೊಕ್ಕು ಮಾತಾಡಿಸಿಕೊಂಡು ಹೋಗುವ ಹಾಗೆ.

ನನ್ನ ಅವ್ವ ಚೆನ್ನವ್ವ ಹಡಗಲಿ ಬಸ್ ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ಕುಳಿತು ನಲವತ್ತು ವರ್ಷಕ್ಕೂ ಮಿಗಿಲಾಗಿ ಮಲ್ಲಿಗೆ ಮಾರಿದವಳು. ಹಡಗಲಿಯಲ್ಲಿ ಮಲ್ಲಿಗೆ ಮಾರುವುದು ದೊಡ್ಡ ಸಂಗತಿಯೇನಲ್ಲ, ಮಾರದವರೇ ಕಡಿಮೆ. ಹೊಲದಲ್ಲಿ ಮೊಗ್ಗನ್ನು ತೂಕ ಮಾಡುತ್ತಾರೆ. ಕಟ್ಟಿ ಸರವಾದ ಮೇಲೆ ಮಾತ್ರ ತಕ್ಕಡಿಗೆ ಕೆಲಸವಿಲ್ಲ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಹೀಗಾಗಿ ಹೂವಿನವರಲ್ಲಿ ಕೈಯೇ ಅಳತೆಗೋಲು. ಮೋಟುಗೈಯವಳು ಸೊಸೆಯಾಗಿ ಬಂದರೆ ಲಾಭ ಹೆಚ್ಚುತ್ತದೆ, ಗಿರಾಕಿ ತಪ್ಪುತ್ತಾರೆ. ಉದ್ದಗೈಯವಳು ಬಂದರೆ ಗಿರಾಕಿ ಹೆಚ್ಚುತ್ತಾರೆ, ಹೂವು ಉಳಿಯುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಅವ್ವನ ಕೈ ಎರಡಕ್ಕೂ ನಡುವಿನದು. ಅಂಥ ಸರಿಯಾದ ಕೈಯಿಂದ ಅವಳು ಏನು ಮಾಡುತ್ತಿದ್ದಳೆಂಬುದೇ ಈ ಬರಹದ ತಗಾದೆ.

ಆ ತಗಾದೆಗೆ ಬರುವ ಮುನ್ನ ನನ್ನ ಮೊದಲನೆಯ ಪಾಪದ ಸುದ್ದಿ ಹೇಳಿಬಿಡುತ್ತೇನೆ. ದೇವರಿಗೆ ಹೋಗುವ ಹೂವನ್ನು ಮೂಸಬಾರದು ಎಂಬುದು ನಿಮಗೂ ಗೊತ್ತಿರುವ ನೇಮ. ಎಲ್ಲರ ಮನೆಯಲ್ಲೂ ಅದು ವಾರಕ್ಕೊಮ್ಮೆ ಪಾಲಿಸುವ ನೇಮ. ಹೂವಿನವಳ ಮಗನಿಗೆ ಅದು ಉಸಿರಾಟದ ಪ್ರಶ್ನೆ. "ಮೂಸಿದ್ರ ಕಣ್ಣು ಹೋಗ್ತಾವ ನೋಡು" ಎಂದು ಅವ್ವ ಒಂದು ಸಲ ಹೇಳಿದ್ದಳು, ಬಹುಶಃ ಕೆಲಸದ ಗಡಿಬಿಡಿಯಲ್ಲಿ. ಆರು ವರ್ಷದ ನಾನು ಬುಟ್ಟಿಯ ಪಕ್ಕ ಮೂಗು ಹಿಡಿದುಕೊಂಡು, ಬಾಯಲ್ಲಿ ಉಸಿರಾಡುತ್ತ ಕೂರುತ್ತಿದ್ದೆ. ನೆಗಡಿ ಬಂದರೆ ಪುಣ್ಯ ಬಂದಷ್ಟು ಸಂತೋಷ. ಒಂದು ಮುಂಜಾನೆ ತಡೆಯಲಾರದೆ, ಒದ್ದೆ ಬಟ್ಟೆ ಸರಿಸಿ, ಮುಖವನ್ನೇ ಬುಟ್ಟಿಯೊಳಗೆ ಇಟ್ಟು ಒಂದು ದೀರ್ಘ ಉಸಿರು ಎಳೆದೆ. ಆಮೇಲೆ ಭಯ ಹಿಡಿಯಿತು. ಕಣ್ಣು ಹೋಗುವುದು ಒಮ್ಮೆಗೇ ಹೋಗುತ್ತದೋ, ಸ್ವಲ್ಪ ಸ್ವಲ್ಪವೇ ಹೋಗುತ್ತದೋ ತಿಳಿಯದೆ ಬಸ್ಸಿನ ಬೋರ್ಡುಗಳನ್ನು ನೋಡುತ್ತ ಪರೀಕ್ಷೆ ಮಾಡಿಕೊಳ್ಳತೊಡಗಿದೆ. ಕೊಟ್ಟೂರು ಕಂಡಿತು. ಹರಪನಹಳ್ಳಿ ಕಂಡಿತು. ಹಗರಿಬೊಮ್ಮನಹಳ್ಳಿ ಪೂರ್ತಿ ಕಾಣುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಅದು ಕಣ್ಣಿನ ತಪ್ಪಲ್ಲ, ಹೆಸರಿನ ಉದ್ದದ ತಪ್ಪು. ನಾಲ್ಕಾರು ದಿನ ಹೀಗೆ ಕಣ್ಣು ತಪಾಸಣೆ ಮಾಡಿಕೊಂಡ ಫಲವಾಗಿ ನಾನು ಇಡೀ ತರಗತಿಗಿಂತ ಮೊದಲು ಓದಲು ಕಲಿತೆ. ಪಾಪದಿಂದ ವಿದ್ಯೆ ಬಂದ ಉದಾಹರಣೆ ನಿಮ್ಮಲ್ಲಿ ಬೇರೆ ಯಾವುದಾದರೂ ಇದ್ದರೆ ತಿಳಿಸಿ.

ಆ ವಯಸ್ಸಿಗೆ ಧರ್ಮವೆಂದರೆ ಅಷ್ಟೇ: ಕಣ್ಣು ಹೋದರೆ ತಪ್ಪು, ಹೋಗದಿದ್ದರೆ ತಪ್ಪಲ್ಲ. ಇನ್ನೊಂದೆರಡು ವರ್ಷ ಕಳೆದ ಮೇಲೆ ದೇವರ ಜೊತೆ ಮಾತುಕತೆಯಿಂದ ಬಗೆಹರಿಸಿಕೊಳ್ಳಬಹುದು ಎಂದು ತಿಳಿಯಿತು. ಗೋಲಿ ಕದ್ದರೆ ಒಂದು ಊದುಬತ್ತಿ, ಸುಳ್ಳು ಹೇಳಿದರೆ ಐದು ಪ್ರದಕ್ಷಿಣೆ. ಎರಡು ಸುಳ್ಳು ಹೇಳುವ ಅಂದಾಜಿದ್ದ ದಿನ ಮುಂಗಡವಾಗಿ ಹತ್ತು ಸುತ್ತು ಹಾಕಿ, ಹೇಳುವ ಸಂದರ್ಭ ಒಂದೇ ಬಂದದ್ದಕ್ಕೆ ಹಳಹಳಿಸಿದ್ದೂ ಉಂಟು.

ಇವೆಲ್ಲ ನಿರುಪದ್ರವಿ ವಯಸ್ಸುಗಳು. ಅಪಾಯದ ವಯಸ್ಸೆಂದರೆ ಹನ್ನೆರಡು. ಆ ವರ್ಷ ನನ್ನನ್ನು ಕ್ಲಾಸಿನ ಮಾನಿಟರ್ ಮಾಡಿದರು. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ಸಿಕ್ಕಿದ್ದೇ ತಡ, ನನಗೆ ಜಗತ್ತೆಲ್ಲ ಒಂದು ಕ್ಲಾಸಿನ ಹಾಗೆ ಕಾಣತೊಡಗಿತು. "ಯಾರೂ ಮಾತಾಡಬ್ಯಾಡ್ರಿ" ಎಂದು ನಾನೇ ಕೂಗಿದ್ದಕ್ಕೆ ನನ್ನ ಹೆಸರನ್ನೂ ಬರೆದುಕೊಂಡು ಬೆಂಚಿನ ಮೇಲೆ ನಿಂತವನು ನಾನು. ಅಂಥವನಿಗೆ ಅದೇ ವರ್ಷ ಉದ್ದಳತೆಯ ಪಾಠವೂ ಬಂತು: ಒಂದು ಮೊಳವೆಂದರೆ ಹದಿನೆಂಟು ಇಂಚು. ಪಾಠ ಮಾಡಿದವರು ಸರೋಜಾ ಟೀಚರ್. ಹಗರಿಬೊಮ್ಮನಹಳ್ಳಿಯಿಂದ ದಿನವೂ ಬಂದು ಹೋಗುತ್ತಿದ್ದರು, ಸಂಜೆ ಬಸ್ಸು ಹತ್ತುವ ಮುನ್ನ ನಮ್ಮವ್ವನ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು, ಮುಡಿದು, ಆಮೇಲೆಯೇ ಸೀಟು ಹಿಡಿಯುತ್ತಿದ್ದರು.

ಆ ಸಂಜೆ ನಾನು ಸ್ಕೇಲು ಹಿಡಿದುಕೊಂಡು ಅವ್ವನ ಪಕ್ಕ ಕುಳಿತಿದ್ದೆ. ಅವ್ವ ಸರವನ್ನು ಮೊಣಕೈಗೆ ಒತ್ತಿ ಹಿಡಿದು ಎಳೆದಳು. ಬೆರಳ ತುದಿ ಮುಟ್ಟಬೇಕಾದ ಸರ ಬೆರಳ ಬುಡಕ್ಕೇ ನಿಂತಿತು. ಅಲ್ಲಿ ಉಗುರಿಂದ ಗುರುತು ಮಾಡಿ, ಟೀಚರ ಮುಖ ನೋಡಿ ನಕ್ಕು, "ನಿಮಗ ಅಂತ ಇನ್ನ ನಾಕು ಬೆರಳು ಕೊಸರು ತಗೋರಿ ಟೀಚರಮ್ಮ, ಮಂದಿ ಮುಂದ ಹೇಳಬ್ಯಾಡ್ರಿ ಮತ್ತ" ಎಂದು ಇನ್ನಷ್ಟು ಎಳೆದು ಹರಿದು ಕೊಟ್ಟಳು. ಟೀಚರ್ ಮುಖ ಅರಳಿತು. ನಾನು ಎದ್ದು ನಿಂತು, ಟೀಚರ ಕೈಯಲ್ಲಿದ್ದ ಸರಕ್ಕೆ ಸ್ಕೇಲು ಹಿಡಿದೆ.

"ಹದಿನೆಂಟೇ ಐತ್ರಿ ಟೀಚರ್! ಕೊಸರು ಸೇರಿಸಿ ಒಂದ ಮೊಳ. ಮೊದ್ಲು ನಾಕು ಬೆರಳು ಕಡಿಮಿ ಅಳದಾಳ, ಆಮ್ಯಾಲೆ ಅದನ್ನ ಕೊಸರು ಅಂತ ಕೊಟ್ಟಾಳ. ಎಲ್ಲಾರಿಗೂ ಹಿಂಗ ಮಾಡ್ತಾಳ. ಇದು ಮೋಸ!"

ಬೋರ್ಡು ಇದ್ದಿದ್ದರೆ ಅವ್ವನ ಹೆಸರು ಬರೆಯುತ್ತಿದ್ದೆನೋ ಏನೋ. ಬಸ್ಸಿಗೆ ಕಾದವರು ತಿರುಗಿ ನೋಡಿದರು. ಪಕ್ಕದ ಬುಟ್ಟಿಯ ಗಾಳೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಟೀಚರ್ ಹೂವನ್ನು ಮುಡಿಯದೆ ಚೀಲದೊಳಗೆ ಹಾಕಿಕೊಂಡು ಬಸ್ಸು ಹತ್ತಿದರು. ಅವರಿಗೆ ಒಂದು ಎಸಳೂ ನಷ್ಟವಾಗಿರಲಿಲ್ಲ, ಆದರೂ ಏನೋ ಕಳೆದುಕೊಂಡವರ ಮುಖ ಅದು. ಅವ್ವ ಬಯ್ಯಲಿಲ್ಲ. ಬುಟ್ಟಿ ಹೊತ್ತು ಮನೆಗೆ ಬರುವಾಗ ಮಾತ್ರ, ಅರ್ಧ ದಾರಿಯಲ್ಲಿ ನಿಂತು, "ನೀ ಅಳದದ್ದು ಸರಿ ಐತಪಾ" ಎಂದಳು. ನಾನು ಎದೆ ಉಬ್ಬಿಸುವಷ್ಟರಲ್ಲಿ, "ಆದ್ರ ಎಲ್ಲಾನೂ ಅಳದು ಹೇಳಬಾರ್ದು" ಎಂದು ಮುಂದೆ ನಡೆದಳು. ಯಾಕೆ ಎಂದು ಕೇಳಿದೆ. "ದೊಡ್ಡಾಂವ ಆಗು, ತಿಳೀತೈತಿ" ಎಂದಳು. ಉತ್ತರ ಗೊತ್ತಿಲ್ಲದ ಹಿರಿಯರೆಲ್ಲ ಹೇಳುವ ಮಾತು ಅದು ಎಂದುಕೊಂಡೆ.

ಟೀಚರ್ ಮರುದಿನದಿಂದ ಗಾಳೆವ್ವನ ಹತ್ತಿರ ಹೂ ಕೊಳ್ಳತೊಡಗಿದರು. ಒಂದು ತಿಂಗಳು ಕಳೆದು ಮತ್ತೆ ನಮ್ಮ ಬುಟ್ಟಿಯ ಮುಂದೆ ನಿಂತರು. ನಾನು ಕಣ್ಣಿಟ್ಟು ನೋಡಿದೆ. ಅವ್ವ ಮೊಣಕೈಯಿಂದ ಬೆರಳ ತುದಿಯವರೆಗೆ ನೆಟ್ಟಗೆ ಅಳೆದಳು, ಕೊಸರಿನ ಸುದ್ದಿಯೇ ಎತ್ತಲಿಲ್ಲ. ಗಾಳೆವ್ವನದೂ ಹಾಗೇ, ಆಚೆಯ ಮೂರು ಬುಟ್ಟಿಗಳದೂ ಹಾಗೇ. ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ಧರ್ಮ ನೆಲೆಗೊಂಡಿತು, ನನ್ನಿಂದ! ಈ ಹೆಮ್ಮೆಯನ್ನು ನಾನು ಎಷ್ಟು ವರ್ಷ ಹೊತ್ತು ತಿರುಗಿದೆನೆಂದು ಹೇಳಿದರೆ ನೀವು ನಗುತ್ತೀರಿ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ನನ್ನ ಬಗ್ಗೆ ಹೇಳಿಕೊಂಡ ಮೊದಲ ಸಂಗತಿಯೇ ಇದು. ಅವಳು ಪೂರ್ತಿ ಕೇಳಿ, "ಅತ್ತಿಯವರಿಗೆ ಮಂದ್ಯಾಗ ಹಂಗ ಅಂದ್ರಿ? ಆಮ್ಯಾಲೆ ತಪ್ಪಾತು ಅಂದ್ರೋ ಇಲ್ಲೋ?" ಎಂದಳು. ಅಂದಿರಲಿಲ್ಲ. ಆವತ್ತಿನಿಂದ ಆ ಹೆಮ್ಮೆಯೊಳಗೆ ಒಂದು ಸೂಜಿ ಉಳಿದುಕೊಂಡಿತು. ಹೊಲಿದ ಬಟ್ಟೆಯಲ್ಲಿ ಸೂಜಿ ಮರೆತರೆ ಹೇಗೆ ಗೊತ್ತೇ, ನಿಂತಾಗ ತಿಳಿಯುವುದಿಲ್ಲ, ಕೂತಾಗ ಚುಚ್ಚುತ್ತದೆ.

ನನ್ನ ಕಸುಬಿನ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಶಾಲೆ ಮಕ್ಕಳ ಬಟ್ಟೆ ಹೊಲಿಸಲು ಬಂದ ತಾಯಂದಿರೆಲ್ಲ, "ಬೆಳಿಯೋ ಹುಡುಗ್ರಿ, ಒಳಗ ಬಟ್ಟಿ ಬಿಡ್ರಿ" ಎನ್ನುತ್ತಾರೆ. ಕೆಳಗಿನ ಮಡಿಕೆಯಲ್ಲಿ ಎರಡು ಇಂಚು ಬಿಟ್ಟಿರುತ್ತೇವೆ. ವರ್ಷ ತಿರುಗಿದಾಗ ಬಿಚ್ಚಿ ಇಳಿಸಿದರೆ ಅದೇ ಪ್ಯಾಂಟು ಮತ್ತೊಂದು ವರ್ಷ ಬರುತ್ತದೆ. ಸರಿ ತಪ್ಪುಗಳ ತಿಳಿವಳಿಕೆಯೂ ಹೀಗೆಯೇ ಮಡಿಕೆ ಬಿಟ್ಟು ಹೊಲಿದ ಬಟ್ಟೆಯಂತಿರಬೇಕು. ಬಿಚ್ಚಿ ಇಳಿಸಿಕೊಳ್ಳದವರು ಹನ್ನೆರಡನೆಯ ವಯಸ್ಸಿನ ಅಳತೆಯಲ್ಲೇ, ಮೊಣಕಾಲು ಕಾಣಿಸುತ್ತ, ಐವತ್ತಕ್ಕೂ ಗಂಭೀರವಾಗಿ ನಡೆದಾಡುತ್ತಾರೆ. ಅವರಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ಹೋದ ವರ್ಷ ಅವ್ವ ಮಲಗಿದಳು. ನೋವೇನೂ ಹೆಚ್ಚಿರಲಿಲ್ಲ, ಶಕ್ತಿಯಿರಲಿಲ್ಲ. ಹಳೆಯ ಕುಪ್ಪಸಗಳು ಜೋಲುತ್ತಿದ್ದವು, ಹೊಸದೊಂದು ಹೊಲಿಯೋಣವೆಂದು ಟೇಪು ಹಿಡಿದು ಹಾಸಿಗೆಯ ಪಕ್ಕ ಕುಳಿತೆ. ತೋಳಿನ ಅಳತೆಗೆ ಕೈ ಎತ್ತು ಎಂದರೆ ಅವ್ವ ಮೊಣಕೈ ಊರಿ, ಬೆರಳನ್ನು ನೆಟ್ಟಗೆ ಮಾಡಿ, ಸರ ಅಳೆಯುವ ಹಾಗೆ ಹಿಡಿದಳು.

"ಅಳಿ. ಈಗ ಸರಿ ಐತೇನು?"

ಅವಳ ಕಣ್ಣಿನಲ್ಲಿ ನಗೆಯಿತ್ತು. ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ನಾನು ಮಾಡಿದ್ದೇನು? "ಸುಮ್ನ ಮಲಕ್ಕೊ ಬೇ" ಎಂದು ನಕ್ಕು, ತೋಳಿನ ಅಳತೆ ಬರೆದುಕೊಂಡು, ಅಂಗಡಿಯಲ್ಲಿ ಕೆಲಸವಿದೆಯೆಂದು ಎದ್ದು ಬಂದೆ. ಅಂಗಡಿಯಲ್ಲಿ ಕೆಲಸವಿರಲಿಲ್ಲ. ಆ ಕುಪ್ಪಸವನ್ನು ಅವ್ವ ಹನ್ನೊಂದು ದಿನ ತೊಟ್ಟಳು. ಹನ್ನೆರಡನೆಯ ದಿನ ಬೆಳಿಗ್ಗೆ ಹೋದಳು.

ಮಾತಾಡಿಸಲು ಊರ ಹೆಣ್ಣುಮಕ್ಕಳು ಬಂದರು. ನಮ್ಮ ಕಡೆ ದುಃಖದ ಮನೆಗೆ ಬಂದವರು ಮೊದಲು ಜೋರಾಗಿ ಅತ್ತು, ಕಣ್ಣೊರೆಸಿಕೊಂಡು, ಆಮೇಲೆ ಯಜಮಾನನ ಹತ್ತಿರ ಸರಿದು ಮೆಲ್ಲಗೆ ನಾಲ್ಕು ಮಾತು ಆಡುತ್ತಾರೆ. ಮೊದಲು ಬಂದವಳು ಹಿಟ್ಟಿನ ಗಿರಣಿಯ ನಾಗಮ್ಮ. "ತಮ್ಮಾ, ಈಗ ಹೇಳಿದ್ರ ಏನೂ ಆಗಂಗಿಲ್ಲ. ನಿಮ್ಮವ್ವ ನನಗೊಬ್ಬಾಕಿಗೆ ದಿನಾ ನಾಕು ಬೆರಳು ಹೆಚ್ಚು ಕೊಡ್ತಿದ್ಲಪಾ. ಯಾರ ಮುಂದೂ ಅನ್ನಬ್ಯಾಡ." ನಾನು ತಲೆಯಾಡಿಸಿದೆ. ಮಧ್ಯಾಹ್ನ ಕೊಟ್ಟೂರು ಬಸ್ಸಿನ ಡ್ರೈವರ್ ಬಂದ. "ಕೊಟ್ರೇಶಣ್ಣ, ಗಾಡಿ ಮುಂದಿನ ದೇವರ ಫೋಟೋಕ್ಕ ಅಂತ ಚೆನ್ನವ್ವ ನನಗ ಬ್ಯಾರೇನ ಅಳೀತಿದ್ಲು. ಉಳಿದ ಡ್ರೈವರ್‌ಗೆ ಗೊತ್ತಾದ್ರ ಜಗಳ ಆಕ್ಕಿತ್ತು ಅಂತ ನಾ ಬಾಯಿ ಬಿಟ್ಟಿಲ್ಲ." ಅವನ ಹಿಂದೆಯೇ ಇನ್ನೂ ಇಬ್ಬರು ಡ್ರೈವರು ಅದೇ ಗುಟ್ಟು ಹೊತ್ತು ಸಾಲಿನಲ್ಲಿ ನಿಂತಿದ್ದರು. ಸಂಜೆಯ ಹೊತ್ತಿಗೆ ನನ್ನ ಕಿವಿ, ಅಳುವುದಕ್ಕೆ ಬಿಡುವಿಲ್ಲದಷ್ಟು ಗುಟ್ಟುಗಳಿಂದ ತುಂಬಿಹೋಯಿತು. ಚಾಪೆಯ ಮೇಲೆ ಸಾಲಾಗಿ ಕುಳಿತ ಹೆಂಗಸರು ಒಬ್ಬರನ್ನೊಬ್ಬರು ಸ್ವಲ್ಪ ಕನಿಕರದಿಂದ ನೋಡುತ್ತಿದ್ದರು: ಪಾಪ, ಇವರಿಗೆ ಕೊಸರು ಸಿಗುತ್ತಿರಲಿಲ್ಲ!

ನನಗೆ ನಗು ಬಂತು. ಅವ್ವ ಹೋದ ಮೂರನೆಯ ದಿನ ನಗುವುದು ಹೇಗೆಂದು ಟವೆಲು ಮುಖಕ್ಕೆ ಹಿಡಿದೆ. ಅಳುತ್ತಿದ್ದಾನೆಂದು ತಿಳಿದು ನಾಗಮ್ಮ ಬೆನ್ನು ಸವರಿದಳು. ಆಗ ನಿಜವಾಗಿಯೂ ಅಳು ಬಂತು.

ಆದರೆ ಒಂದು ಲೆಕ್ಕ ತಾಳೆಯಾಗಲಿಲ್ಲ. ನಾನು ಹನ್ನೆರಡರಲ್ಲೇ ಕೊಸರನ್ನು ಕೊನೆಗಾಣಿಸಿದ್ದೆನಲ್ಲ? ಈ ಡ್ರೈವರ್ ಆಗಿನ್ನೂ ಹುಟ್ಟಿರಲಿಲ್ಲ. ಅದನ್ನು ಬಿಡಿಸಿದವರು ಸರೋಜಾ ಟೀಚರ್. ಎಂಬತ್ತು ದಾಟಿದವರು, ಮೊಮ್ಮಗನ ಕಾರಿನಲ್ಲಿ ಬಂದು, ಕುರ್ಚಿ ಹಾಕಿಸಿಕೊಂಡು ಕುಳಿತರು.

"ನೀ ಸ್ಕೇಲ್ ಹಿಡಿದ ಮ್ಯಾಲೆ ನನಗ ಭಾಳ ಸಿಟ್ಟು ಬಂದಿತ್ತು ಕೊಟ್ರೇಶಿ. ಗಾಳೆವ್ವನ ಕಡೆ ಹೋದೆ. ಆಕಿ ಆಗ ನೆಟ್ಟಗ ಒಂದ ಮೊಳ ಅಳದು ಕೈಯಾಗ ಇಡ್ತಿದ್ಲು. ಹೂವು ಅಷ್ಟ. ಆದ್ರ ಮನಿಗೆ ಹೋಗಿ ಕನ್ನಡಿ ಮುಂದ ನಿಂತ್ರ ಬರೇ ಹೂವು ಮುಡಕೊಂಡಂಗ ಆಗ್ತಿತ್ತು. ಒಂದು ತಿಂಗಳು ತಡಕೊಂಡೆ. ಆಮ್ಯಾಲೆ ನಿಮ್ಮವ್ವನ ಕಡೆ ಬಂದು, ಚೆನ್ನವ್ವ, ಗೊತ್ತಿದ್ರೂ ಅಡ್ಡಿ ಇಲ್ಲ, ನನಗ ಆ ಕೊಸರ ಬೇಕು ಅಂದೆ."

"ಮತ್ತ ನಾ ನೋಡಿದಾಗ ನೆಟ್ಟಗ ಅಳೀತಿದ್ಲಲ್ರಿ?"

ಟೀಚರ್ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನೀ ಇದ್ದಾಗ ಹಂಗ! ನಿನ್ನ ತಲಿ ಕಂಡ್ರ ಸಾಕು, ಇನ್ಸ್‌ಪೆಕ್ಟರ್ ಬಂದ್ರು ಅಂತ ಗಾಳೆವ್ವ ಸನ್ನಿ ಮಾಡ್ತಿದ್ಲು. ಎಲ್ಲಾರೂ ಕೈ ನೆಟ್ಟಗ ಮಾಡೋರು. ನೀ ಸಾಲಿಗೋ ಆಟಕ್ಕೋ ಹೋದಿ ಅಂದ್ರ ಮತ್ತ ಕೊಸರು ಸುರು. ನಾ ಕೇಳಿದೆ, ಯಾಕವಾ, ಮಗಗ ಹೇಳಿಬಿಡು ಅಂತ. ಆಕಿ ಏನಂದ್ಲು ಗೊತ್ತೈತೇನು? ನನ್ನ ಮಗ ಭಾಳ ಕಷ್ಟಪಟ್ಟು ಒಂದು ಸತ್ಯ ಹುಡುಕ್ಯಾನ, ಈಗ ಇನ್ನ ಸಣ್ಣಾಂವ, ಅದು ಅವನ ಕಡೆನ ಇರಲಿ ಅಂದ್ಲು."

ನಾನು ಸ್ಥಾಪಿಸಿದ ಧರ್ಮರಾಜ್ಯ ಶಾಲೆಯ ಗಂಟೆ ಹೊಡೆದೊಡನೆ ಮುಗಿದು, ಶಾಲೆ ಬಿಟ್ಟೊಡನೆ ಶುರುವಾಗುತ್ತಿತ್ತು! ನನ್ನ ಅವ್ವ, ಆ ಗಾಳೆವ್ವ, ಟೀಚರ್, ಇಡೀ ಬಸ್ ಸ್ಟ್ಯಾಂಡು, ಒಬ್ಬ ಹುಡುಗನ ಪ್ರಾಮಾಣಿಕತೆಗೆ ಪೆಟ್ಟಾಗದಿರಲೆಂದು ವರ್ಷಗಟ್ಟಲೆ ಒಟ್ಟಾಗಿ ಸುಳ್ಳಾಡಿದ್ದರು. ಅದನ್ನು ಮೋಸವೆನ್ನುವುದಾದರೆ ನಾನು ಬೆಳೆದದ್ದೇ ಆ ಮೋಸದ ನೆರಳಿನಲ್ಲಿ. ಆಮೇಲೆ ನನ್ನ ಅಂಗಡಿಯನ್ನು ನೆನೆದೆ. ಬಂದವರಿಗೆಲ್ಲ "ನಿಮಗಂತ ಒಳಗ ಒಂದಿಂಚು ಜಾಸ್ತಿ ಬಿಟ್ಟೀನ್ರಿ" ಎಂದು ದನಿ ತಗ್ಗಿಸಿ ಹೇಳುತ್ತ ಬಂದಿದ್ದೇನೆ. ಒಂದಿಂಚು ಬಿಡುವುದು ಎಲ್ಲ ದರ್ಜಿಗಳ ಪದ್ಧತಿ, ಎಲ್ಲರಿಗೂ ಬಿಡುತ್ತೇನೆ. ದನಿ ತಗ್ಗಿಸುವುದನ್ನು ನನಗೆ ಯಾರು ಕಲಿಸಿದರೆಂದು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

ಸಲ್ಲಬೇಕಾದ್ದನ್ನು ಸಲ್ಲಿಸುವುದು ನ್ಯಾಯ, ಅದನ್ನು ಹನ್ನೆರಡರಲ್ಲಿ ಕಲಿಯಬಹುದು. ಸಲ್ಲಬೇಕಾದ್ದನ್ನೇ ಪ್ರೀತಿಯಿಂದ ಕೊಟ್ಟಂತೆ ಕೊಡುವುದಕ್ಕೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಅದು ಪೂರ್ತಿ ಸರಿಯೆಂದೂ ನಾನು ವಾದಿಸುವುದಿಲ್ಲ. ಟೀಚರ ಆ ಸಂಜೆಯ ಮುಖ ನನಗಿನ್ನೂ ನೆನಪಿದೆ. ಆದರೆ ಆ ಮುಖವನ್ನು ಹಾಗೆ ಮಾಡಿದ್ದು ಅವ್ವನ ಕೊಸರೋ ನನ್ನ ಸ್ಕೇಲೋ ಎಂಬ ಪ್ರಶ್ನೆಗೆ, ಮಾನಿಟರ್ ಆಗಿದ್ದಾಗ ಹೇಳುತ್ತಿದ್ದಷ್ಟು ಬೇಗ ಈಗ ಉತ್ತರ ಬರುವುದಿಲ್ಲ.

ಅವ್ವನ ದಿನದ ಕಾರ್ಯಕ್ಕೆಂದು ಕೂಡ್ಲಿಗಿಯಿಂದ ಮಗಳು ಬಂದಳು, ಜೊತೆಗೆ ಎಂಟು ವರ್ಷದ ಮೊಮ್ಮಗಳು ಸಿಂಚನಾ. ಸಿಂಚನಾ ನನ್ನ ಜೊತೆ ಹೂವಿಗೆ ಬಂದಳು. ಗಾಳೆವ್ವ ಈಗ ಅವ್ವನ ಜಾಗಕ್ಕೇ ಸರಿದು ಕೂತಿದ್ದಾಳೆ, ಬೇವಿನ ನೆರಳು ಅಲ್ಲಿ ಹೆಚ್ಚು. ಸರವನ್ನು ಮೊಣಕೈಗೆ ಒತ್ತಿ ಎಳೆದಳು. ಬೆರಳ ಬುಡಕ್ಕೆ ನಿಲ್ಲಿಸಿದಳು. "ಇದು ಮೊಳ. ಇದು ನಾಕು ಬೆರಳು ನಿಮ್ಮವ್ವಗ ಅಂತ" ಎಂದು ಎಳೆದು ಹರಿದಳು.

"ಅಜ್ಜಾ!" ಸಿಂಚನಾ ಅಂಗಿ ಜಗ್ಗಿದಳು. "ಮೊದ್ಲು ಕಮ್ಮಿ ಅಳದ್ಲು! ನಾ ನೋಡೀನಿ. ಟೇಪ್ ಕೊಡು."

ಟೇಪು ಕೊರಳಲ್ಲೇ ಇತ್ತು. ಗಾಳೆವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಎಂಟಕ್ಕೇ ಹನ್ನೆರಡು ಬಂದುಬಿಟ್ಟಿದೆ, ಈಗಿನ ಮಕ್ಕಳು ಚುರುಕು. ನಾನು ಟೇಪು ಕೊಟ್ಟೆ. ಅವಳು ಅಳೆದು, ಬೆರಳು ಮಡಿಚಿ ಲೆಕ್ಕ ಹಾಕಿ, ತೀರ್ಪು ಹೇಳಿದಳು. ಗಾಳೆವ್ವ ಕೆನ್ನೆ ಬಡಿದುಕೊಂಡು, "ತಪ್ಪಾತು ನಮ್ಮವ್ವ, ನಾಳಿಂದ ನೆಟ್ಟಗ ಅಳೀತೀನಿ" ಎಂದಳು. ನನಗೆ ನಲವತ್ತು ವರ್ಷ ಹೇಳಲಾಗದ ಮಾತು, ತಪ್ಪೇ ಮಾಡದ ಗಾಳೆವ್ವನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಮರುದಿನ, ಅದರ ಮರುದಿನ, ಸಿಂಚನಾ ಇದ್ದ ಅಷ್ಟೂ ದಿನ, ಮೊಣಕೈಯಿಂದ ಬೆರಳ ತುದಿಗೆ ನೆಟ್ಟಗೆ ಒಂದು ಮೊಳ. ಹಡಗಲಿಯಲ್ಲಿ ಮತ್ತೊಮ್ಮೆ ಧರ್ಮ ನೆಲೆಗೊಂಡಿತು. ಅವಳು ಕೂಡ್ಲಿಗಿ ಬಸ್ಸಿನ ಕಿಟಕಿಯಿಂದ ಗಾಳೆವ್ವನಿಗೆ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟೇ ಹೋದಳು.

ಬಸ್ಸು ತಿರುವು ದಾಟಿದ ಮೇಲೆ ಗಾಳೆವ್ವ ಸರ ಎತ್ತಿಕೊಂಡಳು. "ಇನ್ಸ್‌ಪೆಕ್ಟರ್ ಹೋದ್ರು" ಎಂದು, ಬೆರಳ ಬುಡಕ್ಕೆ ಅಳೆದು, ಕೊಸರು ಎಳೆದಳು.

ಮನೆಗೆ ಬಂದು ಕಟ್ಟಿದೆ. ನೆಟ್ಟಗೆ ಅಳೆದ ದಿನಗಳಲ್ಲೂ ನಾಲ್ಕು ಬೆರಳು ಉಳಿದೇ ಉಳಿಯುತ್ತಿತ್ತು, ಉದ್ದದಲ್ಲಿ ಒಂದು ಮೊಗ್ಗಿನ ವ್ಯತ್ಯಾಸವಿಲ್ಲ. ಆವತ್ತು ಇಳಿಬಿದ್ದದ್ದು ಮಾತ್ರ ಅವ್ವನಿಗೆಂದು ಕೊಟ್ಟದ್ದು. ಅದರ ತುದಿಯನ್ನು ಅವ್ವನ ಕಿವಿಯ ಪಕ್ಕ ಸರಿಮಾಡುತ್ತ, ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಹೇಳಿದೆ:

"ಸರಿ ಐತಿ ಬೇ. ಅಳಿಯಾಕ ಹೋಗಿದ್ದ ನಂದ ತಪ್ಪಾತು."

ಆಮೇಲೆ ಮುಖವನ್ನು ಹೂವಿಗೆ ಒತ್ತಿ ಒಂದು ದೀರ್ಘ ಉಸಿರು ಎಳೆದೆ. ಎದುರಿನ ಗೋಡೆಯ ಕ್ಯಾಲೆಂಡರು ಸ್ವಲ್ಪ ಮಂಜುಮಂಜಾಗಿ ಕಂಡಿತು. ಕಣ್ಣೊರೆಸಿಕೊಂಡು ನೋಡಿದೆ, ಅಕ್ಷರಗಳು ಸ್ಪಷ್ಟವಾಗಿಯೇ ಇದ್ದವು.